ಗಾಜನೂರಿನ ಮುತ್ತುರಾಜ ನಟನೆ ಕಲಿತದ್ದು ಎಲ್ಲಿ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ತಾಳವಾಡಿ ಪಕ್ಕದ ಹಳ್ಳಿ. ಈರೋಡಿನಲ್ಲಿ ಒಂದು ಬಟ್ಟೆ ಅಂಗಡೀಲಿ ಲೆಕ್ಕ ಬರೆಯುವ ಕೆಲಸ ಮಾಡ್ತೀನಿ. ಡಾ. ರಾಜ್‌ಕುಮಾರ್ ನಮ್ಮ ಕಡೆ ಗಾಜನೂರಿನವರು ಅಂದರೆ ಜೊತೆಯವರು 'ಹಾಗಾದ್ರೆ ಅವರು ತಮಿಳಿನವರು ಅಲ್ವಾ' ಅಂತಾರೆ. ಏನು ಹೇಳಬೇಕೋ ತಿಳಿಯಲ್ಲ. ಇನ್ನೊಂದು ವಿಷಯ. ಶಾಲೆಗೆ ಸರಿಯಾಗಿ ಹೋಗದವರು ಅಂಥ ಕನ್ನಡ, ಅಂಥ ನಟನೆ ಎಲ್ಲಿ ಕಲಿತರು? ಅದು ದೇವರು ಕೊಟ್ಟದ್ದು, ಕಲಿತರೆ ಬರೋದಲ್ಲ ಅಂತಾರೆ ನಮ್ಮಪ್ಪ. ಈ ಸಲ ಊರಿನ ನಾಟಕದಲ್ಲಿ ನನಗೆ ಹಿರಣ್ಯಕಶಿಪು ಪಾತ್ರ ಬಂದಿದೆ. ಅವರ ಯಾವ ಸಿನಿಮಾ ನೋಡಿದರೆ ನನಗೆ ಉಪಯೋಗ ಆಗುತ್ತೆ?

ಉತ್ತರ: ತಮ್ಮಾ, ನಿನ್ನ ಪಾತ್ರದ ಹೆಸರು ನೋಡಿ ನನಗೆ ಎಷ್ಟು ಖುಷಿ ಆಯಿತು ಅಂದರೆ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಾನು ಮೂವತ್ತು ವರ್ಷಕ್ಕೂ ಮೇಲೆ ಚಾಮರಾಜನಗರದಿಂದ ತಾಳವಾಡಿವರೆಗೆ ಹಳ್ಳಿ ಹಳ್ಳಿಯಲ್ಲಿ ಹಾರ್ಮೋನಿಯಂ ಹಿಡಿದು ಪೌರಾಣಿಕ ನಾಟಕ ಕಲಿಸಿದವನು. ಸಿನಿಮಾ ಗೊತ್ತಿರುವುದಕ್ಕಿಂತ ನನಗೆ ನಾಟಕ ಜಾಸ್ತಿ ಗೊತ್ತು. ನಿನ್ನ ಪ್ರಶ್ನೆಗೆ ಉತ್ತರ ಇರುವುದೂ ನಾಟಕದಲ್ಲೇ.

ಮೊದಲು ಊರಿನ ವಿಚಾರ ಮುಗಿಸೋಣ.

ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ನಿಮ್ಮ ಗಾಜನೂರಿನಲ್ಲೇ. (ಶಿವಮೊಗ್ಗದ ಹತ್ತಿರ ತುಂಗಾ ಅಣೆಕಟ್ಟು ಇರುವ ಗಾಜನೂರೇ ಬೇರೆ. ಎಷ್ಟೋ ಜನ ಅದನ್ನೂ ಇದನ್ನೂ ಕಲಸಿಬಿಡುತ್ತಾರೆ.) ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಅಮ್ಮ ಲಕ್ಷ್ಮಮ್ಮ. ಮಗುವಿಗೆ ಇಟ್ಟ ಹೆಸರು ಮುತ್ತುರಾಜ. ಮುತ್ತತ್ತಿಯ ಆಂಜನೇಯ ನಮ್ಮ ಕಡೆಯ ಎಷ್ಟೋ ಮನೆಗಳ ದೇವರು, ಆ ಮುತ್ತತ್ತಿರಾಯನ ಹೆಸರೇ ಅದು. ಸಿಂಗಾನಲ್ಲೂರು ಇರುವುದು ಕೊಳ್ಳೇಗಾಲದ ಕಡೆ. ಈಗ ಸಿಂಗಾನಲ್ಲೂರು ಕರ್ನಾಟಕ, ಗಾಜನೂರು ತಮಿಳುನಾಡು. ಆದರೆ ಮಗು ಹುಟ್ಟಿದಾಗ ಎರಡೂ ಒಂದೇ ಜಿಲ್ಲೆಯಲ್ಲಿದ್ದವು. ಕೊಳ್ಳೇಗಾಲವೂ ತಾಳವಾಡಿಯೂ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಭಾಷೆ ನೋಡಿ ರಾಜ್ಯಗಳನ್ನು ಮಾಡಿದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ಅಷ್ಟೊತ್ತಿಗೆ ಅವರು ಮೊದಲ ಸಲ ನಾಯಕನಾದ ಸಿನಿಮಾ 'ಬೇಡರ ಕಣ್ಣಪ್ಪ' ಬಂದು ಎರಡು ವರ್ಷ ಆಗಿತ್ತು. ಅಂದರೆ ಮುತ್ತುರಾಜ ಆಗಲೇ ರಾಜ್‌ಕುಮಾರ್ ಆಗಿ ಕನ್ನಡದ ಮನೆಮಾತಾದ ಮೇಲೆ ಅವರ ಊರು ಗೆರೆಯ ಆಚೆ ಉಳಿದದ್ದು.

ಇದನ್ನು ನಿನ್ನ ಜೊತೆಯವರಿಗೆ ಜಗಳ ಇಲ್ಲದ ಹಾಗೆ ಹೇಳು. ತಾಳವಾಡಿ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಅವರಿಗೇ ತಿಳಿಯುತ್ತದೆ, ಅಲ್ಲಿ ಎಲೆಕೋಸು ಅಳೆಯುವುದೂ ಕನ್ನಡದಲ್ಲೇ, ಚೌಕಾಸಿ ಮಾಡುವುದೂ ಕನ್ನಡದಲ್ಲೇ, ಮುಂದಿನ ಮಾತಿಗೆ ತಮಿಳು ಬೇಕಾದರೆ ಅದೂ ಸಲೀಸಾಗಿ ಬರುತ್ತದೆ. ಎರಡು ಭಾಷೆ ಕಿವಿಗೆ ಬಿದ್ದು ಬೆಳೆದ ಮಕ್ಕಳು ನೀವು. ಅವರೂ ಹಾಗೇ ಬೆಳೆದವರು. ಆಮೇಲೆ ಎಷ್ಟೋ ವರ್ಷ ಮದ್ರಾಸಿನಲ್ಲೇ ಮನೆ ಮಾಡಿಕೊಂಡಿದ್ದರು, ಯಾಕೆಂದರೆ ಆಗ ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದೇ ಅಲ್ಲಿನ ಸ್ಟುಡಿಯೋಗಳಲ್ಲಿ. ಆದರೂ ಇನ್ನೂರಕ್ಕೂ ಹೆಚ್ಚು ಸಿನಿಮಾ ಕನ್ನಡದಲ್ಲೇ ಮಾಡಿದರು. ನಾಯಕನಾಗಿ ಬೇರೆ ಭಾಷೆಗೆ ಹೋದದ್ದು ಒಂದೇ ಸಲ, ಅದೂ ಬೇಡರ ಕಣ್ಣಪ್ಪನ ಕಥೆಯನ್ನೇ 1954ರಲ್ಲಿ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಅಂತ ಮಾಡಿದಾಗ.

ಈಗ ನಿಜವಾದ ಪ್ರಶ್ನೆಗೆ ಬರೋಣ. ನಿಮ್ಮಪ್ಪನ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂತ ಬೇಜಾರು ಮಾಡಿಕೋಬೇಡ. 'ದೇವರು ಕೊಟ್ಟದ್ದು' ಅನ್ನುವ ಮಾತನ್ನು ನಾನು ಎಲ್ಲ ಊರಲ್ಲೂ ಕೇಳಿದ್ದೇನೆ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದರಿಂದ ಆ ಮನುಷ್ಯನ ಇಪ್ಪತ್ತು ವರ್ಷದ ದುಡಿಮೆ ಮರೆತುಹೋಗುತ್ತದೆ. ಅವರು ಶಾಲೆ ಬಿಟ್ಟವರು ನಿಜ. ಪ್ರೈಮರಿಯೂ ಪೂರ್ತಿ ಆಗಲಿಲ್ಲ. ಆದರೆ ಸುಮ್ನೆ ಬಿಟ್ಟು ಕೂತವರಲ್ಲ. ಒಂದು ಶಾಲೆ ಬಿಟ್ಟು ಇನ್ನೊಂದು ಶಾಲೆಗೆ ಸೇರಿದರು. ಆ ಇನ್ನೊಂದು ಶಾಲೆ ಅಂದರೆ ನಾಟಕ ಕಂಪನಿ.

ಪುಟ್ಟಸ್ವಾಮಯ್ಯನವರು ದೊಡ್ಡ ನಟ. ರಾವಣ, ಕಂಸ, ಹಿರಣ್ಯಕಶಿಪು, ಇಂಥ ಅಬ್ಬರದ ಪಾತ್ರಗಳಿಗೆ ಹೆಸರಾದವರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿದ್ದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪನಿ ವೀರಣ್ಣನವರ ಕೈಗೆ ಬಂದ ಮೇಲೆ ಇಡೀ ದಕ್ಷಿಣದಲ್ಲಿ ಹೆಸರು ಮಾಡಿತ್ತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಯನ್ನೇ ರಂಗಕ್ಕೆ ತಂದ ಕಂಪನಿ ಅದು. ಮುತ್ತುರಾಜ ಎಂಟರ ಆಸುಪಾಸಿನ ವಯಸ್ಸಿಗೇ ಅಪ್ಪನ ಹಿಂದೆ ಅಲ್ಲಿಗೆ ಹೋದ. ಸಣ್ಣ ಸಣ್ಣ ಪಾತ್ರ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಅದೇ ಕಂಪನಿಯ ಅನ್ನ ಉಂಡವರು. ಒಂದೇ ಚಪ್ಪರದಿಂದ ಇಷ್ಟು ಜನ ಎದ್ದು ಬಂದಿದ್ದಾರೆ ಅಂದರೆ ಅಲ್ಲಿ ಕಲಿಸುವ ಒಂದು ಕ್ರಮ ಇತ್ತು ಅಂತಲೇ ಅರ್ಥ.

ಆ ಕ್ರಮ ಹೇಗಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿನಗೆ ಬೇಕಾಗಿರುವುದು ಇದೇ.

ಕಂಪನಿ ಒಂದು ಊರಲ್ಲಿ ಕ್ಯಾಂಪ್ ಹಾಕಿದರೆ ಕೆಲವು ಸಲ ತಿಂಗಳುಗಟ್ಟಲೆ ಅಲ್ಲೇ. ಹುಡುಗರಿಗೆ ಬೆಳಿಗ್ಗೆ ಸಂಗೀತ ಪಾಠ, ಮಧ್ಯಾಹ್ನ ಮಾತು ಒಪ್ಪಿಸುವುದು, ರಾತ್ರಿ ನಾಟಕ. ಪಾತ್ರ ಇಲ್ಲದ ದಿನವೂ ಪಕ್ಕದ ಪರದೆ ಸಂದಿಯಲ್ಲಿ ನಿಂತು ನೋಡುತ್ತಿರಬೇಕು. ಯಾರಾದರೂ ಕಾಯಿಲೆ ಬಿದ್ದರೆ ಆ ರಾತ್ರಿ ಆ ಪಾತ್ರಕ್ಕೆ ನಿನ್ನನ್ನೇ ತಳ್ಳಬಹುದು, ಹಾಗಾಗಿ ಕಂಪನಿ ಹುಡುಗನಿಗೆ ತನ್ನದೊಂದೇ ಅಲ್ಲ, ಎಲ್ಲರ ಮಾತೂ ಬಾಯಲ್ಲಿ ಇರಬೇಕಿತ್ತು. ಒಂದೇ ನಾಟಕವನ್ನು ನೂರು ರಾತ್ರಿ ನೋಡಿದರೆ ಏನಾಗುತ್ತೆ ಹೇಳು? ಜನ ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಮೈಮರೆತು ಸುಮ್ಮನಾಗುತ್ತಾರೆ, ಯಾವ ಮಾತಿಗೆ ಅರೆ ಗಳಿಗೆ ಬಿಟ್ಟು ಮುಂದಿನ ಮಾತು ಆಡಿದರೆ ಅದು ಹಿಂದಿನ ಸಾಲಿಗೂ ತಲುಪುತ್ತದೆ, ಇದೆಲ್ಲ ಮೈಗೆ ಇಳಿದುಬಿಡುತ್ತದೆ. ಯಾವ ಪುಸ್ತಕವೂ ಅದನ್ನು ಕಲಿಸಲಾರದು.

ಮೈಕು ಅನ್ನೋದು ಎಲ್ಲ ಕಡೆ ಇರದ ಕಾಲ. ಹಿಂದೆ ನೆಲದ ಮೇಲೆ ಕೂತವನಿಗೂ ಕೇಳಬೇಕು, ಮುಂದಿನ ಕುರ್ಚಿಯವನಿಗೆ ಕಿರುಚಿದ ಹಾಗೆ ಆಗಬಾರದು. ಹೊಸಬರು ಇಲ್ಲೇ ಎಡವುತ್ತಾರೆ, ಗಂಟಲಿನಿಂದ ಕೂಗುತ್ತಾರೆ, ಎರಡನೇ ಅಂಕಕ್ಕೇ ದನಿ ಒಡೆದು ಹೋಗುತ್ತೆ. ಕಂಪನಿ ನಟ ಹೊಟ್ಟೆಯಿಂದ ಉಸಿರು ತೆಗೆದು ಮಾತಿನ ಕೊನೆಯ ಅಕ್ಷರದವರೆಗೂ ಅದನ್ನು ಉಳಿಸಿಕೊಳ್ಳುತ್ತಿದ್ದ. ರಾಜ್‌ಕುಮಾರ್ ಅವರ ಯಾವ ಸಿನಿಮಾನಾದರೂ ಹಾಕಿ ಕಣ್ಣು ಮುಚ್ಚಿ ಕೇಳು. ಸಾಲಿನ ಕೊನೆಯ ಪದ ಎಂದೂ ನುಂಗಿಹೋಗುವುದಿಲ್ಲ. 'ಹೋಗುತ್ತೇನೆ' ಅಂದರೆ 'ನೆ' ವರೆಗೂ ಕೇಳುತ್ತದೆ. ಅಲ್ಪಪ್ರಾಣ ಮಹಾಪ್ರಾಣ ಎರಡೂ ತೂಗಿ ಇಟ್ಟ ಹಾಗೆ ಇರುತ್ತವೆ. ಶಾಲೆ ಕಲಿತ ನಮ್ಮಲ್ಲಿ ಎಷ್ಟು ಜನಕ್ಕೆ 'ಧರ್ಮ'ದ 'ಧ' ಸರಿಯಾಗಿ ಬರುತ್ತೆ ನೀನೇ ಹೇಳು.

ಅಕ್ಷರ ಹೆಚ್ಚು ಕಲಿಯದವರಿಗೆ ಇದು ಹೇಗೆ ಸಾಧ್ಯ ಅಂತ ತಾನೇ ನಿನ್ನ ಅನುಮಾನ? ಒಂದು ಪ್ರಸಂಗ ಹೇಳುತ್ತೇನೆ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಿಮ್ಮ ಕಡೆಯ ಒಂದು ಹಳ್ಳಿಯಲ್ಲಿ 'ಕುರುಕ್ಷೇತ್ರ' ಕಲಿಸುತ್ತಿದ್ದೆ. ದುರ್ಯೋಧನನ ಪಾತ್ರ ಹಿಡಿದ ಯಜಮಾನರಿಗೆ ಹೆಬ್ಬೆಟ್ಟೇ ಗತಿ, ಓದು ಬಾರದು. ಹಗಲೆಲ್ಲ ಅರಿಶಿನದ ಹೊಲದಲ್ಲಿ ಕೆಲಸ. ರಾತ್ರಿ ದೇವಸ್ಥಾನದ ಜಗಲಿಗೆ ಬಂದು ನನ್ನ ಎದುರು ಚಕ್ಕಂಬಕ್ಕಳ ಹಾಕಿ ಕೂರುವರು. ನಾನು ಒಂದು ಸಾಲು ಹೇಳುವುದು, ಅವರು ಕಣ್ಣು ಮುಚ್ಚಿಕೊಂಡು ಕೇಳುವುದು, ತಕ್ಷಣ ತಿರುಗಿ ಹೇಳುತ್ತಿರಲಿಲ್ಲ. 'ಇನ್ನೊಂದು ಕಿತ ಹೇಳಿ ಬುದ್ದಿ' ಅನ್ನುವರು. ಮೂರನೇ ಸಲಕ್ಕೆ ಅವರ ತುಟಿ ಅಲ್ಲಾಡೋದು. ನಾಲ್ಕನೇ ಸಲಕ್ಕೆ ಬಾಯಿಬಿಟ್ಟರೆ ನಾನು ಎಲ್ಲಿ ಉಸಿರು ತಗೊಂಡಿದ್ದೆನೋ ಅಲ್ಲೇ ಅವರೂ ತಗೊಂಡಿರುವರು, ನಾನು ಮಾಡಿದ ಒಂದು ತಪ್ಪೂ ಸೇರಿ! ಮಾರನೇ ದಿನ ನಾನೇ ತಿದ್ದಿಕೊಂಡು ಬಂದು ಹೇಳಬೇಕಾಯಿತು. ಪದವಿ ಓದಿದ ಇಬ್ಬರು ಹುಡುಗರು ಕೈಯಲ್ಲಿ ಪುಸ್ತಕ ಇಟ್ಟುಕೊಂಡೂ ತಡವರಿಸುತ್ತಿದ್ದರು, ಇವರು ಒಂದು ಕಾಗುಣಿತವೂ ತಪ್ಪದ ಹಾಗೆ ಇಡೀ ರಾತ್ರಿ ಆಡಿದರು. ಕಿವಿಯಿಂದ ಕಲಿತದ್ದಕ್ಕೆ ಅಂಥ ಗಟ್ಟಿತನ ಇರುತ್ತೆ. ಕಂಪನಿಯ ಹುಡುಗರು ಕಲಿತದ್ದೂ ಹೀಗೇ, ಆದರೆ ಮೂರು ತಿಂಗಳಲ್ಲ, ಹತ್ತಾರು ವರ್ಷ.

ಮುಂದೆ ಮುತ್ತುರಾಜ ಎಂ.ವಿ. ಸುಬ್ಬಯ್ಯನಾಯ್ಡು ಅವರ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಗೂ ಹೋದರು. ಸುಬ್ಬಯ್ಯನಾಯ್ಡು ಅಂದರೆ 1934ರ 'ಸತಿ ಸುಲೋಚನ', ಮೊದಲು ತೆರೆಗೆ ಬಂದ ಕನ್ನಡ ಟಾಕಿ, ಅದರ ನಾಯಕ. ಸಿನಿಮಾದಲ್ಲಿ ಹುಡುಗನಾಗಿ ಒಮ್ಮೆ, 1952ರ 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಒಂದು ಸಣ್ಣ ಪಾತ್ರದಲ್ಲಿ ಒಮ್ಮೆ ಮುಖ ತೋರಿಸಿದ್ದು ಬಿಟ್ಟರೆ ಬದುಕೆಲ್ಲ ರಂಗದ ಮೇಲೆಯೇ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಮನೆಯ ಭಾರ ಹೆಗಲಿಗೆ ಬಿದ್ದಿತ್ತು. 1953ರಲ್ಲಿ ಪಾರ್ವತಮ್ಮನವರ ಜೊತೆ ಮದುವೆ. ಮಾರನೇ ವರ್ಷ ಎಚ್.ಎಲ್.ಎನ್. ಸಿಂಹ ಅವರು 'ಬೇಡರ ಕಣ್ಣಪ್ಪ'ಕ್ಕೆ ಇವರನ್ನು ಆರಿಸಿ ರಾಜ್‌ಕುಮಾರ್ ಅಂತ ಹೆಸರಿಟ್ಟರು. ಆಗ ವಯಸ್ಸು ಇಪ್ಪತ್ತೈದು. ಲೆಕ್ಕ ಹಾಕು, ರಂಗಕ್ಕೆ ಬಂದು ಆಗಲೇ ಹದಿನೈದು ವರ್ಷ ದಾಟಿತ್ತು. ನಾಯಕನಾದ ಮೊದಲ ಸಿನಿಮಾದಲ್ಲೇ ಹೇಗೆ ಅಷ್ಟು ಚೆನ್ನಾಗಿ ಮಾಡಿದರು ಅಂತ ಬೆರಗಾಗುವವರು ಈ ಹದಿನೈದು ವರ್ಷವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನೊಂದು ಸಂಗತಿ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಕಣ್ಣಪ್ಪ ಗೆದ್ದರೂ ಆಗ ಕನ್ನಡದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಸಿನಿಮಾ ಬೆರಳೆಣಿಕೆಯಷ್ಟು. ನಾಯಕ ಆದರೂ ಕೈಯಲ್ಲಿ ಕೆಲಸ ಇಲ್ಲ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ನಾಟಕ ತಗೊಂಡು ಹೋದರು. ಅದರಿಂದ ಬಂದ ದುಡ್ಡಿನ ಬಲದಿಂದಲೇ 'ರಣಧೀರ ಕಂಠೀರವ' ಸಿನಿಮಾ ಮಾಡಿದರು, 1960ರಲ್ಲಿ. ತೆರೆಯ ಮೇಲೆ ದೇವರ ಹಾಗೆ ಕಂಡವರು ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ಹಳ್ಳಿಗೆ ಬಂದರು. ನನಗೆ ಅವರ ಮೇಲೆ ಇರುವ ಗೌರವದಲ್ಲಿ ಅರ್ಧ ಈ ಒಂದು ಕಾರಣಕ್ಕೇ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ, ನಿನಗೂ ಗೊತ್ತಿರುತ್ತೆ. ಅರವತ್ತರ ದಶಕದಲ್ಲಿ ಪುರಾಣ, ಇತಿಹಾಸ, ಸಂತರ ಕಥೆಗಳು. 1968ರಲ್ಲಿ 'ಜೇಡರ ಬಲೆ', ಪತ್ತೇದಾರಿ. 1971ರಲ್ಲಿ 'ಕಸ್ತೂರಿ ನಿವಾಸ', 1972ರಲ್ಲಿ 'ಬಂಗಾರದ ಮನುಷ್ಯ'. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಗೋಕಾಕ್ ಚಳವಳಿಗೆ ಇಳಿದದ್ದು 1982ರಲ್ಲಿ. ಕೊನೆಯ ಸಿನಿಮಾ 2000ದ 'ಶಬ್ದವೇಧಿ'. ಅದೇ ವರ್ಷ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಮನೆಯಿಂದ ವೀರಪ್ಪನ್ ಕಾಡಿಗೆ ಕರೆದೊಯ್ದದ್ದು, ನೂರೆಂಟು ದಿನ. ನಮ್ಮ ಗಡಿ ಊರುಗಳಿಗೆ ಆ ದಿನಗಳಷ್ಟು ಕಷ್ಟದ ದಿನ ಬೇರೆ ಬಂದಿಲ್ಲ, ಅದನ್ನು ಮತ್ತೆ ಕೆದಕುವ ಮನಸ್ಸಿಲ್ಲ. 2006ರ ಏಪ್ರಿಲ್ 12ರಂದು ತೀರಿಕೊಂಡರು.

ಹಾಡಿನ ವಿಚಾರ ಮಾತ್ರ ಬಿಡುವ ಹಾಗಿಲ್ಲ. ಕಂಪನಿ ನಾಟಕದಲ್ಲಿ ಹಾಡು ಬಾರದವನು ನಟನೇ ಅಲ್ಲ. ಶ್ರುತಿಯನ್ನು ನಾಲ್ಕೂವರೆ, ಐದು ಮನೆಗೆ ಏರಿಸಿ ಹಾಡಬೇಕು, ಜನ ಒನ್ಸ್ ಮೋರ್ ಅಂದರೆ ಅದೇ ಹಾಡನ್ನು ಮತ್ತೆ, ಅಷ್ಟೇ ಜೀವ ತುಂಬಿ. ಹೀಗೆ ತಯಾರಾದ ಗಂಟಲು ಇಟ್ಟುಕೊಂಡೂ ಸಿನಿಮಾದಲ್ಲಿ ಇಪ್ಪತ್ತು ವರ್ಷ ಅವರ ಹಾಡುಗಳನ್ನು ಹೆಚ್ಚಾಗಿ ಹಾಡಿದ್ದು ಪಿ.ಬಿ. ಶ್ರೀನಿವಾಸ್. ಎರಡು ದನಿ ಎಷ್ಟು ಹೊಂದಿಕೊಂಡವು ಅಂದರೆ ಶ್ರೀನಿವಾಸ್ ದನಿಯೇ ಇವರ ದನಿ ಅಂದುಕೊಂಡವರು ಬಹಳ ಜನ. 1974ರಲ್ಲಿ 'ಸಂಪತ್ತಿಗೆ ಸವಾಲ್' ಸಿನಿಮಾಕ್ಕೆ, ಅದೂ ಪಿ.ಬಿ. ಧುತ್ತರಗಿಯವರ ನಾಟಕದಿಂದಲೇ ಬಂದದ್ದು, ಎಮ್ಮೆ ಮೇಲೆ ಕೂತು ಹಾಡುವ ಹಾಡನ್ನು ಇವರೇ ಹಾಡಿದರು. ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ತಾವೇ ಹಾಡುತ್ತ ಹೋದರು. 'ಜೀವನ ಚೈತ್ರ'ದಲ್ಲಿ ತೋಡಿ ರಾಗದ ಆ ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಅಂತ ರಾಷ್ಟ್ರಪ್ರಶಸ್ತಿ ಬಂತು. ಅದು 1992, ಅವರಿಗೆ ಅರವತ್ತಮೂರು. ನಾನು ಹಾರ್ಮೋನಿಯಂ ಮುಂದೆ ಕೂತು ಆ ಹಾಡನ್ನು ಎಷ್ಟು ಸಲ ನುಡಿಸಿ ನೋಡಿದ್ದೇನೋ. ತಾರಸ್ಥಾಯಿಗೆ ಹೋದಾಗ ದನಿಯಲ್ಲಿ ಒಂಚೂರೂ ತಿಣುಕುವುದಿಲ್ಲ. ಬಾಲ್ಯದ ಸಾಧನೆ ಎಲ್ಲೂ ಹೋಗಿರಲಿಲ್ಲ.

ನಿನ್ನ ಜೊತೆಯವರಿಗೆ ಶಿವಾಜಿ ಗಣೇಶನ್ ಅಂದರೆ ಪ್ರಾಣ ಇರುತ್ತೆ. ಹಾಗಿದ್ದರೆ ಅವರಿಗೆ ಇದನ್ನು ಹೇಳು. ಶಿವಾಜಿಯೂ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದವರು, ಎಂ.ಜಿ.ಆರ್. ಕೂಡ. ಗಣೇಶನ್‌ಗೆ 'ಶಿವಾಜಿ' ಅನ್ನುವ ಹೆಸರು ಬಂದದ್ದು ನಾಟಕದಲ್ಲಿ ಶಿವಾಜಿ ಪಾತ್ರ ಮಾಡಿದ್ದಕ್ಕೆ, ಹಾಗೆ ಕರೆದವರು ನೀನು ಕೆಲಸ ಮಾಡುವ ಈರೋಡಿನವರೇ ಆದ ಪೆರಿಯಾರ್. 'ಕಸ್ತೂರಿ ನಿವಾಸ'ದ ಕಥೆಯನ್ನು ತಮಿಳಿನಲ್ಲಿ 'ಅವನ್‌ದಾನ್ ಮನಿದನ್' ಅಂತ ಮಾಡಿದಾಗ ಆ ಪಾತ್ರ ಮಾಡಿದ್ದು ಶಿವಾಜಿ. ಎರಡನ್ನೂ ಒಂದು ಭಾನುವಾರ ಜೊತೆಗೆ ಕೂತು ನೋಡಿ. ಕೊಟ್ಟೂ ಕೊಟ್ಟೂ ಕೊನೆಗೆ ಕೊಡಲು ಏನೂ ಉಳಿಯದ ಮನುಷ್ಯನ ಪಾತ್ರ ಅದು. ಶಿವಾಜಿ ಅದನ್ನು ಹೊರಗೆ ಚೆಲ್ಲುತ್ತಾರೆ, ರಾಜ್‌ಕುಮಾರ್ ಒಳಗೆ ನುಂಗುತ್ತಾರೆ. ನನ್ನ ಓಟು ಯಾರಿಗೆ ಅಂತ ನಿನಗೆ ಗೊತ್ತು. ಆದರೆ ಇಬ್ಬರ ನಿಲುವಿನಲ್ಲೂ, ತಿರುಗುವ ರೀತಿಯಲ್ಲೂ ಕಂಪನಿಯ ಗುರುತು ಕಾಣುತ್ತದೆ, ಒಂದೇ ಗರಡಿಯ ಇಬ್ಬರು ಪೈಲ್ವಾನರ ಹಾಗೆ.

ಕನ್ನಡ ಎಲ್ಲಿ ಕಲಿತರು ಅಂದೆಯಲ್ಲ, ಅದಕ್ಕೆ 1983ರ 'ಕವಿರತ್ನ ಕಾಳಿದಾಸ' ನೋಡು. ಮೊದಲ ಅರ್ಧದಲ್ಲಿ ಅವರು ಕುರಿ ಕಾಯುವ ಕಾಳ. ಆ ಮಾತು, ಆ ನಡಿಗೆ, ತಲೆ ಕೆರೆದುಕೊಳ್ಳುವ ರೀತಿ ಎಲ್ಲ ನಿಮ್ಮ ಊರಿನ ಹಟ್ಟಿಗಳಲ್ಲಿ ದಿನಾ ಕಾಣುವಂಥದ್ದು. ಎರಡನೇ ಅರ್ಧದಲ್ಲಿ ಅದೇ ಬಾಯಿ ಕಾಳಿದಾಸನ ಮಾತಾಡುತ್ತದೆ, ಸಂಸ್ಕೃತ ಶ್ಲೋಕ ಹೇಳುತ್ತದೆ. ಮೊದಲನೆಯದು ಅವರಿಗೆ ಹುಟ್ಟಿನಿಂದ ಬಂದದ್ದು, ಎರಡನೆಯದು ಕಂಪನಿ ಕೊಟ್ಟದ್ದು. ರಂಗದ ಕನ್ನಡ ಕಲಿತ ಮೇಲೆ ಮನೆಯ ಕನ್ನಡವನ್ನು ನಾಚಿಕೊಂಡು ಬಿಡುವವರೇ ಹೆಚ್ಚು. ಅವರು ಬಿಡಲಿಲ್ಲ. ಈರೋಡಿನಲ್ಲಿ ಇದ್ದೂ ನೀನು ನಿನ್ನ ಊರ ಮಾತು ಉಳಿಸಿಕೊಂಡಿದ್ದೀಯ, ನಿನ್ನ ಪ್ರಶ್ನೆಯಲ್ಲೇ ಅದು ಕಾಣುತ್ತೆ, ಅದಕ್ಕೇ ಈ ಸಿನಿಮಾ ನಿನಗೆ ಮೊದಲು ಹೇಳಿದೆ.

ಈಗ ನಿನ್ನ ಪಾತ್ರ.

ಪುಟ್ಟಸ್ವಾಮಯ್ಯ ಹೆಸರು ಮಾಡಿದ ಪಾತ್ರಗಳಲ್ಲಿ ಹಿರಣ್ಯಕಶಿಪುವೂ ಒಂದು ಅಂದೆ. ಮಗ 1958ರಲ್ಲಿ 'ಭೂಕೈಲಾಸ'ದಲ್ಲಿ ಅಪ್ಪನ ರಾವಣನನ್ನು ಮಾಡಿದರು. 1983ರಲ್ಲಿ 'ಭಕ್ತ ಪ್ರಹ್ಲಾದ'ದಲ್ಲಿ ಅಪ್ಪನ ಹಿರಣ್ಯಕಶಿಪುವನ್ನೂ ಮಾಡಿದರು. ಎದುರು ಪ್ರಹ್ಲಾದನಾಗಿ ನಿಂತದ್ದು ಅವರ ಮಗ, ಆಗ ಎಂಟು ವರ್ಷದ ಪುನೀತ್. ಅಜ್ಜ ರಂಗದ ಮೇಲೆ ಆಡಿದ ಪಾತ್ರ, ಅದನ್ನು ಆಡುವ ಮಗ, ಎದುರಿಗೆ ಮೊಮ್ಮಗ. ಅಪ್ಪ ಕಂಪನಿಗೆ ಕೈಹಿಡಿದು ಕರೆದುಕೊಂಡು ಹೋದಾಗ ಮುತ್ತುರಾಜನಿಗೂ ಹೆಚ್ಚು ಕಡಿಮೆ ಅಷ್ಟೇ ವಯಸ್ಸು. ಆ ಸಿನಿಮಾ ನೋಡುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ನೀನು ಆಡುವುದೂ ಅದೇ ಪಾತ್ರ, ಅದೂ ಅವರ ಊರಿನ ಪಕ್ಕದಲ್ಲೇ.

ಆ ಸಿನಿಮಾವನ್ನು ಮೂರು ಸಲ ನೋಡು. ಒಂದು ಸಲ ಎಲ್ಲರ ಹಾಗೆ. ಎರಡನೇ ಸಲ ದನಿ ಪೂರ್ತಿ ನಿಲ್ಲಿಸಿ, ಬರೀ ಅವರ ಮೈ ನೋಡು. ರಾಜನ ಪಾತ್ರ ಅಂತ ನಮ್ಮ ಹಳ್ಳಿ ನಟರು ಮಾತಿಗೊಂದು ಸಲ ಮೀಸೆ ತಿರುವಿ, ಹೆಜ್ಜೆಗೊಂದು ಸಲ ಗದೆ ಎತ್ತುತ್ತಾರೆ. ಅವರು ಹಾಗೆ ಮಾಡಿದ್ದಾರಾ ನೋಡು. ಹೆಚ್ಚು ಹೊತ್ತು ಅಲುಗಾಡದೆ ಇರುತ್ತಾರೆ, ಅಲುಗಾಡಿದರೆ ಅದಕ್ಕೊಂದು ಕಾರಣ ಇರುತ್ತದೆ. ಮೂರನೇ ಸಲ ತೆರೆ ನೋಡಬೇಡ, ದನಿ ಮಾತ್ರ ಕೇಳು. ಸಭೆಯಲ್ಲಿ ಅಬ್ಬರಿಸುವ ದನಿ ಬೇರೆ, ಮಗನನ್ನು ಹತ್ತಿರ ಕರೆಯುವ ದನಿ ಬೇರೆ. ಹಿರಣ್ಯಕಶಿಪು ಅಂದರೆ ಬರೀ ರಾಕ್ಷಸ ಅಂತ ಹಿಡಿದರೆ ನಿನ್ನ ಪಾತ್ರ ಅಲ್ಲೇ ಮುಗಿಯಿತು, ಎರಡು ಗಂಟೆ ಕಿರುಚಾಟ ಆಗುತ್ತೆ. ಅವನು ಅಪ್ಪ ಕಣೋ. ತಾನು ಯಾರನ್ನು ದ್ವೇಷಿಸುತ್ತಾನೋ ಅವನ ಹೆಸರೇ ತನ್ನ ಕೂಸಿನ ಬಾಯಲ್ಲಿ ಬಂದರೆ ಅಪ್ಪನಿಗೆ ಏನಾಗಬೇಕು? ಸಿಟ್ಟಿನ ಕೆಳಗೆ ಆ ನೋವು ಇಟ್ಟುಕೋ. ಆಗ ಕಂಬ ಒಡೆಯುವ ಹೊತ್ತಿಗೆ ಹೆಂಗಸರು ನಿನಗೋಸ್ಕರವೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ.

'ಬಬ್ರುವಾಹನ'ವನ್ನೂ ನೋಡು, 1977ರದ್ದು. ಅರ್ಜುನ, ಬಬ್ರುವಾಹನ ಎರಡೂ ಅವರೇ. ಅಪ್ಪ ಮಗ ಎದುರುಬದುರು ನಿಂತು ಹಾಡಿನಲ್ಲೇ ಜಗಳ ಆಡುವ ಭಾಗ ಇದೆಯಲ್ಲ, ಅದು ಪಕ್ಕಾ ಕಂಪನಿ ನಾಟಕದ ಕಟ್ಟು. ಅರ್ಜುನನಿಗೆ ಪಿ.ಬಿ. ಶ್ರೀನಿವಾಸ್, ಬಬ್ರುವಾಹನನಿಗೆ ರಾಜ್‌ಕುಮಾರ್ ಹಾಡಿದ್ದಾರೆ. ಅಲ್ಲಿ ನೀನು ಗಮನಿಸಬೇಕಾದ್ದು ಮಾತಾಡುವವನನ್ನಲ್ಲ, ಕೇಳಿಸಿಕೊಳ್ಳುವವನನ್ನು. ಎದುರಿನವನ ಪದ್ಯ ಮುಗಿಯುವವರೆಗೆ ಮುಖದಲ್ಲಿ ಸಿಟ್ಟು ಹೇಗೆ ಏರುತ್ತ ಹೋಗುತ್ತದೆ ನೋಡು. ನಮ್ಮ ಹಳ್ಳಿ ನಾಟಕದಲ್ಲಿ ತನ್ನ ಪದ್ಯ ಮುಗಿದ ಕೂಡಲೇ ಪಾತ್ರಧಾರಿ ಜನರ ಮಧ್ಯೆ ತನ್ನ ಮನೆಯವರು ಎಲ್ಲಿ ಕೂತಿದ್ದಾರೆ ಅಂತ ಹುಡುಕುತ್ತಾನೆ. ಆ ಅಭ್ಯಾಸ ನಿನಗೆ ಬೇಡ.

ಮಾತು ಬಾಯಿಪಾಠಕ್ಕೆ ನನ್ನ ಸಲಹೆ ಇಷ್ಟೇ. ಮೊಬೈಲ್‌ನಲ್ಲಿ ನಿಮ್ಮ ಮೇಷ್ಟ್ರ ಕೈಲಿ ನಿನ್ನ ಪಾತ್ರದ ಮಾತನ್ನೆಲ್ಲ ಹೇಳಿಸಿ ರೆಕಾರ್ಡ್ ಮಾಡಿಕೋ. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ ಕೇಳುತ್ತಿರು. ಒಂದು ವಾರ ಬಾಯಿ ಬಿಡಬೇಡ, ಬರೀ ಕೇಳು. ಪುಸ್ತಕ ಆಮೇಲೆ. ಬೆಳಿಗ್ಗೆ ಎದ್ದು ಶ್ರುತಿಪೆಟ್ಟಿಗೆ ಆಪ್ ಹಾಕಿಕೊಂಡು ಕಾಲು ಗಂಟೆ ಷಡ್ಜ ಹಿಡಿ, ಒಂದೇ ಉಸಿರಿಗೆ ಎಷ್ಟು ಹೊತ್ತು ನಿಲ್ಲುತ್ತೋ ಅಷ್ಟು. ನಾಟಕದ ಹಿಂದಿನ ದಿನ ತಣ್ಣೀರು, ಮೊಸರು ಬೇಡ.

ತಾರೀಕು ಗೊತ್ತಾದ ಮೇಲೆ ನನಗೂ ತಿಳಿಸು, ಮೈ ಸರಿ ಇದ್ದರೆ ಖಂಡಿತ ಬರುತ್ತೇನೆ, ಕೊನೆ ಸಾಲಿನಲ್ಲಿ ಕೂರುತ್ತೇನೆ. ನಿನ್ನ ಮಾತಿನ ಕೊನೆಯ ಅಕ್ಷರ ನನಗೆ ಅಲ್ಲಿ ಕೇಳಬೇಕು. ರಿಹರ್ಸಲ್‌ಗೆ ಶನಿವಾರ ಈರೋಡಿನಿಂದ ಬರುವಾಗ ಹೊತ್ತು ಮುಳುಗುವ ಮೊದಲೇ ದಿಂಬಂ ಘಾಟಿ ಹತ್ತಿಬಿಡು, ಆನೆ ಓಡಾಡುವ ದಾರಿ ಅದು.